ಜೋಳ, ಭತ್ತದ ನಾಡಿನಲ್ಲಿ ಧಾನ್ಯವಿಲ್ಲದ ಊಟ: ರಾಯಚೂರು ಅಡುಗೆಮನೆಗೊಂದು ಕೈಪಿಡಿ

ರಾಯಚೂರು: ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡಿನಲ್ಲಿ ಊಟವೆಂದರೆ ಧಾನ್ಯ ಎಂದೇ ಅರ್ಥ. ದೇವದುರ್ಗದ ಎರೆಹೊಲಗಳ ಮನೆಗಳಲ್ಲಿ ಬಿಳಿಜೋಳದ ರೊಟ್ಟಿ, ಮಾನ್ವಿಯ ಕಾಲುವೆ ಬಯಲಿನಲ್ಲಿ ಸೋನಾ ಮಸೂರಿ ಅನ್ನ. ರಾಯಚೂರು ನಗರದ ಬೆಳಗು ಆರಂಭವಾಗುವುದೇ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಇಡ್ಲಿಗಳಿಂದ. ಇಂತಹ ನೆಲದಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾದವರಿಗೆ, ತೂಕ ಇಳಿಸಬೇಕೆಂದವರಿಗೆ 'ಅನ್ನ ಬಿಡಿ, ರೊಟ್ಟಿ ಬಿಡಿ, ಪೇಲಿಯೋ ಮಾಡಿ' ಎಂಬ ಸಲಹೆ ಈಗ ಎಲ್ಲೆಡೆಯಿಂದ ಕೇಳಿಬರುತ್ತಿದೆ. ಅನ್ನ, ರೊಟ್ಟಿ ಬಿಟ್ಟರೆ ತಾಟಿನಲ್ಲಿ ಉಳಿಯುವುದೇನು, ಅದರಿಂದ ಹೊಟ್ಟೆ ತುಂಬೀತೇ, ಯಾರಿಗೆ ಅದು ಒಗ್ಗದು ಎಂಬುದನ್ನು ವಿವರಿಸುವ ಪ್ರಯತ್ನ ಇಲ್ಲಿದೆ.

ಏನಿದು ಪೇಲಿಯೋ?

ಕೃಷಿ ಆರಂಭವಾಗುವ ಮೊದಲು, ಅಂದರೆ ಹಳೆ ಶಿಲಾಯುಗದಲ್ಲಿ, ಮನುಷ್ಯ ಬೇಟೆಯ ಮಾಂಸ, ಮೀನು, ಸೊಪ್ಪು, ಗೆಡ್ಡೆ, ಹಣ್ಣು ಮತ್ತು ಬೀಜಗಳನ್ನು ತಿಂದು ಬದುಕಿದ್ದ. ನಮ್ಮ ದೇಹ ಅದಕ್ಕೇ ಒಗ್ಗಿಕೊಂಡಿದೆ ಎಂಬುದು ಈ ಪದ್ಧತಿಯ ಮೂಲ ವಾದ. 1985ರಲ್ಲಿ ಬಾಯ್ಡ್ ಈಟನ್ ಮತ್ತು ಮೆಲ್ವಿನ್ ಕಾನರ್ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಲೇಖನ ಈ ಚರ್ಚೆಗೆ ಚಾಲನೆ ನೀಡಿತು. 2002ರಲ್ಲಿ ಲಾರೆನ್ ಕಾರ್ಡೇನ್ ಬರೆದ ಪುಸ್ತಕ ಅದನ್ನು ಜನಪ್ರಿಯಗೊಳಿಸಿತು.

ಕಟ್ಟುನಿಟ್ಟಿನ ಪೇಲಿಯೋದಲ್ಲಿ ಅಕ್ಕಿ, ಜೋಳ, ಗೋಧಿ, ಸಜ್ಜೆ, ನವಣೆಗಳಷ್ಟೇ ಅಲ್ಲ, ಬೇಳೆಕಾಳು, ಶೇಂಗಾ, ಹಾಲು, ಮೊಸರು, ಸಕ್ಕರೆ ಎಲ್ಲವೂ ನಿಷಿದ್ಧ. 'ಕಡಿಮೆ ಶರ್ಕರಪಿಷ್ಟ' ಅಥವಾ ಲೋ ಕಾರ್ಬ್ ಪದ್ಧತಿ ಇದಕ್ಕಿಂತ ಭಿನ್ನ. ಅಲ್ಲಿ ಪದಾರ್ಥದ ಹೆಸರಿಗಿಂತ ಅದರಲ್ಲಿರುವ ಶರ್ಕರಪಿಷ್ಟದ ಪ್ರಮಾಣ ಮುಖ್ಯ. ದಿನಕ್ಕೆ 130 ಗ್ರಾಂಗಿಂತ ಕಡಿಮೆ ಇದ್ದರೆ ಅದನ್ನು ಕಡಿಮೆ ಶರ್ಕರಪಿಷ್ಟದ ಆಹಾರವೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಬಹುತೇಕ ಗೊಂದಲಗಳು ಹುಟ್ಟಿಕೊಳ್ಳುತ್ತವೆ.

ನಮ್ಮ ನೆಲದ ಶಿಲಾಯುಗ

ಶಿಲಾಯುಗದ ಮಾತು ಬಂದಾಗ ದೂರ ಹೋಗಬೇಕಾಗಿಲ್ಲ. ದೇವದುರ್ಗದಿಂದ ಕೃಷ್ಣೆಯನ್ನು ದಾಟಿದರೆ ಸಿಗುವುದು ಈಗಿನ ಯಾದಗಿರಿ ಜಿಲ್ಲೆಯ ಸುರಪುರ, ಹುಣಸಗಿ ಸೀಮೆ. ಪುರಾತತ್ತ್ವಜ್ಞ ಕೆ. ಪದ್ದಯ್ಯ ಅವರು ದಶಕಗಳ ಕಾಲ ಅಧ್ಯಯನ ನಡೆಸಿದ ಹುಣಸಗಿ–ಬೈಚಬಾಳ ಕಣಿವೆ ದೇಶದ ಪ್ರಮುಖ ಹಳೆ ಶಿಲಾಯುಗದ ನೆಲೆಗಳಲ್ಲೊಂದು. ಅಲ್ಲಿನ ಇಸಾಂಪುರದ ಕಲ್ಲಿನ ಆಯುಧಗಳ ನೆಲೆ ಸುಮಾರು 12 ಲಕ್ಷ ವರ್ಷ ಹಳೆಯದೆಂದು ಕಾಲನಿರ್ಣಯ ಮಾಡಲಾಗಿದೆ. ಅಂದಿನ ಜನ ಧಾನ್ಯ ಬೆಳೆಯುತ್ತಿರಲಿಲ್ಲ ಎಂಬುದು ನಿಜ.

ಆದರೆ ಕತೆ ಅಲ್ಲಿಗೇ ಮುಗಿಯುವುದಿಲ್ಲ. ನೆರೆಯ ಬಳ್ಳಾರಿಯ ಸಂಗನಕಲ್ಲು ಮತ್ತಿತರ ನವಶಿಲಾಯುಗದ ನೆಲೆಗಳಲ್ಲಿ ದೊರೆತ ಸುಟ್ಟ ಕಾಳುಗಳ ಅಧ್ಯಯನದಿಂದ, ಸುಮಾರು 4,000 ವರ್ಷಗಳ ಹಿಂದೆಯೇ ಈ ಭಾಗದ ಜನ ಹುರುಳಿ, ಹೆಸರು ಮತ್ತು ಕಿರುಧಾನ್ಯಗಳನ್ನು ಬೆಳೆದು ಉಣ್ಣುತ್ತಿದ್ದುದು ತಿಳಿದುಬಂದಿದೆ. 'ಕಾಳು ನಮ್ಮ ದೇಹಕ್ಕೆ ಹೊಸದು' ಎಂಬ ಮಾತು ಈ ನೆಲಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಧಾನ್ಯ ಕಡಿಮೆ ಮಾಡಲು ಬೇರೆ ಕಾರಣಗಳಿವೆ. ಶಿಲಾಯುಗವನ್ನು ಸಾಕ್ಷಿ ಕರೆಯುವ ಅಗತ್ಯವಿಲ್ಲ.

ಬದಲಾದ ತಾಟು

1953ರಲ್ಲಿ ತುಂಗಭದ್ರಾ ಜಲಾಶಯ ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಹರಿದ ನಂತರ ಸಿಂಧನೂರು, ಮಾನ್ವಿ, ರಾಯಚೂರು ಭಾಗದ ಜೋಳದ ಹೊಲಗಳು ಕ್ರಮೇಣ ಗದ್ದೆಗಳಾದವು. ದೇವದುರ್ಗ ತಾಲ್ಲೂಕಿಗೆ ನಾರಾಯಣಪುರ ಬಲದಂಡೆ ಕಾಲುವೆ ಬಂದಿತು. 2013ರಲ್ಲಿ ಅನ್ನಭಾಗ್ಯ ಯೋಜನೆ ಜಾರಿಯಾಗಿ ಪಡಿತರ ಅಕ್ಕಿ ಮನೆಮನೆ ತಲುಪಿತು. ಹಸಿವನ್ನು ನೀಗಿಸಿದ ಈ ಬದಲಾವಣೆಯನ್ನು ಹೀಗಳೆಯುವಂತಿಲ್ಲ. ಆದರೆ ಇದೇ ಅವಧಿಯಲ್ಲಿ ನಗರದ ಜನರ ಮೈದುಡಿಮೆ ಕಡಿಮೆಯಾಯಿತು. ತಾಟಿನಲ್ಲಿ ಅನ್ನದ ರಾಶಿ ಮಾತ್ರ ಕಡಿಮೆಯಾಗಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ರಾಷ್ಟ್ರವ್ಯಾಪಿ ಅಧ್ಯಯನದ ವರದಿ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಅದು ಅಂದಾಜಿಸಿತು. ಅದೇ ಅಧ್ಯಯನದ ಭಾಗವಾಗಿ 2025ರಲ್ಲಿ ಪ್ರಕಟವಾದ ಲೇಖನದ ಪ್ರಕಾರ ಭಾರತೀಯರ ಆಹಾರ ಶಕ್ತಿಯಲ್ಲಿ ಸುಮಾರು ಶೇ 62ರಷ್ಟು ಶರ್ಕರಪಿಷ್ಟದಿಂದಲೇ ಬರುತ್ತದೆ.

ಈ ಲೇಖನದ ಇನ್ನೊಂದು ಅಂಶ ರಾಯಚೂರಿನವರಿಗೆ ಮುಖ್ಯವಾದುದು. ಅಕ್ಕಿಯನ್ನು ಬಿಟ್ಟು ಅಷ್ಟೇ ಪ್ರಮಾಣದ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟನ್ನು ತಿಂದರೆ ಮಧುಮೇಹದ ಅಪಾಯ ತಗ್ಗಿದ್ದು ಕಂಡುಬರಲಿಲ್ಲ. ಒಟ್ಟು ಶರ್ಕರಪಿಷ್ಟವನ್ನು ಶೇ 5ರಷ್ಟು ಕಡಿಮೆ ಮಾಡಿ, ಆ ಜಾಗದಲ್ಲಿ ಬೇಳೆಕಾಳು, ಹಾಲು ಮೊದಲಾದವುಗಳ ಪ್ರೋಟೀನ್ ಸೇರಿದಲ್ಲಿ ಅಪಾಯ ಕಡಿಮೆ ಇತ್ತು. 2,000 ಕ್ಯಾಲೊರಿಯ ಆಹಾರದಲ್ಲಿ ಶೇ 5 ಎಂದರೆ 100 ಕ್ಯಾಲೊರಿ; ಅಂದರೆ ಸುಮಾರು 30 ಗ್ರಾಂ ಜೋಳದ ಹಿಟ್ಟು, ಹೆಚ್ಚುಕಡಿಮೆ ಅರ್ಧ ರೊಟ್ಟಿ.

ಯಾವುದರಲ್ಲಿ ಎಷ್ಟು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಸಂಯೋಜನೆ ಕೋಷ್ಟಕದ ಆಧಾರದಲ್ಲಿ, 100 ಗ್ರಾಂ ಹಸಿ ಪದಾರ್ಥದ ಸ್ಥೂಲ ಲೆಕ್ಕ ಹೀಗಿದೆ:

* ಅಕ್ಕಿ: ಶರ್ಕರಪಿಷ್ಟ 78 ಗ್ರಾಂ, ಪ್ರೋಟೀನ್ 8 ಗ್ರಾಂ
* ಜೋಳ: ಶರ್ಕರಪಿಷ್ಟ 68 ಗ್ರಾಂ, ಪ್ರೋಟೀನ್ 10 ಗ್ರಾಂ
* ತೊಗರಿಬೇಳೆ: ಶರ್ಕರಪಿಷ್ಟ 55 ಗ್ರಾಂ, ಪ್ರೋಟೀನ್ 22 ಗ್ರಾಂ
* ಕಡಲೆಬೇಳೆ: ಶರ್ಕರಪಿಷ್ಟ 47 ಗ್ರಾಂ, ಪ್ರೋಟೀನ್ 21 ಗ್ರಾಂ
* ಶೇಂಗಾ: ಶರ್ಕರಪಿಷ್ಟ 17 ಗ್ರಾಂ, ಪ್ರೋಟೀನ್ 24 ಗ್ರಾಂ

ಮೊಟ್ಟೆ, ಮೀನು, ಮಾಂಸಗಳಲ್ಲಿ ಶರ್ಕರಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಜೋಳಕ್ಕೂ ಅಕ್ಕಿಗೂ ಇರುವ ವ್ಯತ್ಯಾಸ ಜನ ತಿಳಿದಷ್ಟು ದೊಡ್ಡದಲ್ಲ. ಜೋಳದಲ್ಲಿ ನಾರಿನಂಶ ಹೆಚ್ಚು. ಆದರೆ ನಾಲ್ಕು ರೊಟ್ಟಿ ತಿಂದರೆ ಶರ್ಕರಪಿಷ್ಟ 150 ಗ್ರಾಂ ದಾಟುತ್ತದೆ.

ಧಾನ್ಯವಿಲ್ಲ ಎಂದಮಾತ್ರಕ್ಕೆ ಪಿಷ್ಟವಿಲ್ಲ ಎಂದಲ್ಲ

ಧಾನ್ಯರಹಿತ ಅಡುಗೆ ಈ ಜಿಲ್ಲೆಗೆ ಹೊಸದಲ್ಲ. ಇದು ಹರಿದಾಸರ ನಾಡು. ಜಗನ್ನಾಥದಾಸರ ಮಾನ್ವಿ, ವಿಜಯದಾಸರ ಚೀಕಲಪರ್ವಿ, ಗೋಪಾಲದಾಸರ ಮೊಸರಕಲ್ಲು ಇಲ್ಲಿಯವೇ. ಏಕಾದಶಿಯಂದು ನಿರಾಹಾರ ಮಾಡಲಾಗದವರು ಫಲಾಹಾರ ಮಾಡುವ ರೂಢಿ ಮನೆಮನೆಗೂ ತಿಳಿದಿದೆ. ಅನ್ನ, ರೊಟ್ಟಿ ಮುಟ್ಟದೆ ಸಬ್ಬಕ್ಕಿ ಖಿಚಡಿ, ಆಲೂಗಡ್ಡೆ ಪಲ್ಯ, ಶೇಂಗಾ, ಮೊಸರು, ಬಾಳೆಹಣ್ಣುಗಳಿಂದ ದಿನ ಕಳೆಯುವ ಆ ಪದ್ಧತಿ ನಿಜಕ್ಕೂ ಧಾನ್ಯರಹಿತ.

ಆದರೆ ಸಬ್ಬಕ್ಕಿ ಮರಗೆಣಸಿನ ಪಿಷ್ಟ. ಶರ್ಕರಪಿಷ್ಟದಲ್ಲಿ ಅದು ಅಕ್ಕಿಗಿಂತ ಒಂದು ಹೆಜ್ಜೆ ಮುಂದೆಯೇ ಇದೆ. ಆಲೂಗಡ್ಡೆ, ಗೆಣಸು, ಬೆಲ್ಲ, ಖರ್ಜೂರಗಳೂ ಧಾನ್ಯವಲ್ಲ, ಆದರೆ ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಉಪವಾಸದ ತಾಟಿನಿಂದ ಶೇಂಗಾ ಮತ್ತು ಮೊಸರನ್ನು ಉಳಿಸಿಕೊಂಡು ಸಬ್ಬಕ್ಕಿ, ಆಲೂಗಡ್ಡೆಯನ್ನು ಬಿಟ್ಟರೆ ಅದು ಕಡಿಮೆ ಶರ್ಕರಪಿಷ್ಟದ ಊಟವಾಗುತ್ತದೆ.

ರೊಟ್ಟಿ ತೆಗೆದರೆ ಉಳಿಯುವುದೇನು?

ಉತ್ತರ ಕರ್ನಾಟಕದ ತಾಟಿನ ವಿಶೇಷವೆಂದರೆ, ನಡುವಿನ ರೊಟ್ಟಿ ತೆಗೆದ ಮೇಲೂ ಸುತ್ತಲಿನ ಬದಿಖಾದ್ಯಗಳು ಸಮೃದ್ಧವಾಗಿಯೇ ಉಳಿಯುತ್ತವೆ. ಪುಂಡಿಪಲ್ಯ, ಎಣ್ಣೆಗಾಯಿ, ಮೊಳಕೆಕಾಳಿನ ಪಲ್ಯ, ಝುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸೆ ಹಿಂಡಿ, ಹಸಿ ಸೌತೆಕಾಯಿ, ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ, ಗಟ್ಟಿ ಮೊಸರು. ಬಾದಾಮಿ ಹಿಟ್ಟು, ಆವಕಾಡೊ ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಉಸ್ಮಾನಿಯಾ ಮಾರುಕಟ್ಟೆಯಲ್ಲಿ, ದೇವದುರ್ಗ, ಮಾನ್ವಿಯ ಸಂತೆಗಳಲ್ಲಿ ಬೇಕಾದುದೆಲ್ಲ ದೊರೆಯುತ್ತದೆ.

ಇಲ್ಲಿಯೇ ಕಟ್ಟುನಿಟ್ಟಿನ ಪೇಲಿಯೋ ತೊಡಕಾಗುವುದು. ಬೇಳೆ, ಶೇಂಗಾ, ಮೊಸರು ಮೂರನ್ನೂ ನಿಷೇಧಿಸಿದರೆ ಸಸ್ಯಾಹಾರಿಯ ತಾಟಿನಲ್ಲಿ ಸೊಪ್ಪು, ತರಕಾರಿಯ ಹೊರತು ಏನೂ ಉಳಿಯದು. ಮಾಂಸಾಹಾರಿಗಳೂ ದಿನವೂ ಮಾಂಸ ಕೊಳ್ಳುವ ಸ್ಥಿತಿಯಲ್ಲಿರುವುದಿಲ್ಲ. ಆದ್ದರಿಂದ ಈ ಭಾಗಕ್ಕೆ ಹೊಂದುವುದು ಬೇಳೆ, ಶೇಂಗಾ, ಮೊಸರುಗಳನ್ನು ಉಳಿಸಿಕೊಂಡ ಧಾನ್ಯರಹಿತ ಊಟವೇ ಹೊರತು ಪುಸ್ತಕದ ಪೇಲಿಯೋ ಅಲ್ಲ.

ಸಸ್ಯಾಹಾರಿಯೊಬ್ಬರ ಒಂದು ದಿನದ ಲೆಕ್ಕ ನೋಡೋಣ. ಶೇಂಗಾ 50 ಗ್ರಾಂ, ಬೇಳೆ ಅಥವಾ ಕಾಳು 50 ಗ್ರಾಂ, ಪನೀರ್ 100 ಗ್ರಾಂ, ಮೊಸರು 400 ಗ್ರಾಂ, ಸೊಪ್ಪು ತರಕಾರಿ ಅರ್ಧ ಕಿಲೊ. ಇವುಗಳಿಂದ 50 ಗ್ರಾಂಗೂ ಹೆಚ್ಚು ಪ್ರೋಟೀನ್ ದೊರೆಯುತ್ತದೆ. 60 ಕಿಲೊ ತೂಕದವರಿಗೆ ದಿನಕ್ಕೆ ಶಿಫಾರಸು ಮಾಡಿರುವ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ. ಶರ್ಕರಪಿಷ್ಟ 75ರಿಂದ 90 ಗ್ರಾಂನಲ್ಲಿ ನಿಲ್ಲುತ್ತದೆ.

ಮೂರು ಅಡುಗೆಗಳು

ಪುಂಡಿಪಲ್ಯ (ನಾಲ್ವರಿಗೆ): ರೂಢಿಯ ಪುಂಡಿಪಲ್ಯಕ್ಕೆ ಜೋಳದ ನುಚ್ಚು ಸೇರುತ್ತದೆ. ಅದರ ಬದಲು ಕಡಲೆಬೇಳೆ, ಶೇಂಗಾ ಪುಡಿ ಬಳಸಬಹುದು. 50 ಗ್ರಾಂ ಕಡಲೆಬೇಳೆಯನ್ನು ಒಂದು ತಾಸು ನೆನೆಸಿ ಬೇಯಿಸಿ. 250 ಗ್ರಾಂ ಪುಂಡಿಸೊಪ್ಪನ್ನು ಬೇರೆಯಾಗಿ ಬೇಯಿಸಿ, ಹುಳಿ ಹೆಚ್ಚೆನಿಸಿದರೆ ನೀರು ಬಸಿಯಿರಿ. ಎರಡನ್ನೂ ಕೂಡಿಸಿ ಮಸೆದು, ಆರು ಹಸಿಮೆಣಸಿನಕಾಯಿ ಕುಟ್ಟಿದ್ದು, ಉಪ್ಪು, 60 ಗ್ರಾಂ ಹುರಿದ ಶೇಂಗಾ ಪುಡಿ ಹಾಕಿ ಐದಾರು ನಿಮಿಷ ಕುದಿಸಿ. ಮೂರು ದೊಡ್ಡ ಚಮಚ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಹನ್ನೆರಡು ಎಸಳು ಬೆಳ್ಳುಳ್ಳಿಯ ಒಗ್ಗರಣೆ ಕೊಡಿ.

ಎಣ್ಣೆಗಾಯಿ (ನಾಲ್ವರಿಗೆ): ಅರ್ಧ ಕಿಲೊ ಎಳೆಯ ಬದನೆಕಾಯಿಯನ್ನು ತೊಟ್ಟು ಬಿಡಿಸದೆ ನಾಲ್ಕಾಗಿ ಸೀಳಿ. 75 ಗ್ರಾಂ ಶೇಂಗಾ, 25 ಗ್ರಾಂ ಗುರೆಳ್ಳು, 25 ಗ್ರಾಂ ಒಣಕೊಬ್ಬರಿಯನ್ನು ಬೇರೆ ಬೇರೆಯಾಗಿ ಹುರಿದು, ಬೆಳ್ಳುಳ್ಳಿ, ಖಾರದಪುಡಿ, ಮಸಾಲೆಪುಡಿ, ಉಪ್ಪು, ಸ್ವಲ್ಪ ಹುಣಸೆರಸದೊಂದಿಗೆ ರುಬ್ಬಿ ತುಂಬಿರಿ. ನಾಲ್ಕು ಚಮಚ ಎಣ್ಣೆಯಲ್ಲಿ ಉಳ್ಳಾಗಡ್ಡಿ ಹುರಿದು, ತುಂಬಿದ ಕಾಯಿಗಳನ್ನು ಇಟ್ಟು, ಸಣ್ಣ ಉರಿಯಲ್ಲಿ 20 ನಿಮಿಷ ಮುಚ್ಚಿ ಬೇಯಿಸಿ. ಬೆಲ್ಲ ಬೇಡ.

ಹೆಸರುಕಾಳಿನ ದೋಸೆ (ಎಂಟು): ಪಲ್ಯವನ್ನು ಸುತ್ತಿ ತಿನ್ನಲು ಏನಾದರೂ ಬೇಕು ಎನ್ನುವವರಿಗೆ ಇದು ರೊಟ್ಟಿಯ ಜಾಗ ತುಂಬುತ್ತದೆ. 200 ಗ್ರಾಂ ಹೆಸರುಕಾಳನ್ನು ಆರು ತಾಸು ನೆನೆಸಿ, ಅಕ್ಕಿ ಹಾಕದೆ, ಶುಂಠಿ, ಹಸಿಮೆಣಸಿನಕಾಯಿ, ಜೀರಿಗೆಯೊಂದಿಗೆ ರುಬ್ಬಿ. ಹುದುಗಿಸುವ ಅಗತ್ಯವಿಲ್ಲ. ಹೆಂಚಿನ ಮೇಲೆ ಹಾಕಿ, ಹೆಚ್ಚಿದ ಉಳ್ಳಾಗಡ್ಡಿ ಉದುರಿಸಿ ಎರಡೂ ಬದಿ ಬೇಯಿಸಿ. ಒಂದು ದೋಸೆಯಲ್ಲಿ ಸುಮಾರು 12 ಗ್ರಾಂ ಶರ್ಕರಪಿಷ್ಟವಿದ್ದರೆ, 60 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಲ್ಲಿ 40 ಗ್ರಾಂ ಇರುತ್ತದೆ.

ವಾರದ ಊಟದ ಯೋಜನೆ

ಎಲ್ಲ ಊಟಕ್ಕೂ ಹಸಿ ತರಕಾರಿ ಮತ್ತು ಒಂದು ಬಟ್ಟಲು ಮೊಸರು ಇರಲಿ. ಮೊಟ್ಟೆ, ಮಾಂಸ ತಿನ್ನದವರು ಆ ಜಾಗದಲ್ಲಿ ಪನೀರ್ ಅಥವಾ ಮೊಳಕೆಕಾಳು ಬಳಸಬಹುದು.

* ಸೋಮವಾರ: ಬೆಳಿಗ್ಗೆ ಎರಡು ಹೆಸರುಕಾಳಿನ ದೋಸೆ, ಶೇಂಗಾ ಚಟ್ನಿ. ಮಧ್ಯಾಹ್ನ ಪುಂಡಿಪಲ್ಯ, ಬೇಯಿಸಿದ ಎರಡು ಮೊಟ್ಟೆ. ರಾತ್ರಿ ಹೀರೇಕಾಯಿ ಪಲ್ಯ, ಪನೀರ್.
* ಮಂಗಳವಾರ: ಬೆಳಿಗ್ಗೆ ಮೊಸರಿನೊಂದಿಗೆ ಅಗಸೆ ಹಿಂಡಿ, ಹುರಿದ ಶೇಂಗಾ. ಮಧ್ಯಾಹ್ನ ಎಣ್ಣೆಗಾಯಿ, ಮಡಕೆಕಾಳಿನ ಉಸುಳಿ. ರಾತ್ರಿ ಪಾಲಕ ಮತ್ತು ಮೊಟ್ಟೆ ಪಲ್ಯ.
* ಬುಧವಾರ: ಬೆಳಿಗ್ಗೆ ಮೆಂತ್ಯೆ ಸೊಪ್ಪಿನ ಆಮ್ಲೆಟ್. ಮಧ್ಯಾಹ್ನ ಮೀನಿನ ಸಾರು, ಬೆಂಡೆಕಾಯಿ ಪಲ್ಯ. ರಾತ್ರಿ ತರಕಾರಿ ಹೆಚ್ಚಿಗೆ ಹಾಕಿದ ಗಟ್ಟಿ ಬೇಳೆ.
* ಗುರುವಾರ: ಬೆಳಿಗ್ಗೆ ಮೊಳಕೆ ಹೆಸರುಕಾಳು, ಕೊಬ್ಬರಿ. ಮಧ್ಯಾಹ್ನ ಝುಣಕ, ರಾಜಗಿರಿ ಪಲ್ಯ. ರಾತ್ರಿ ಹಾಗಲಕಾಯಿ ಗೊಜ್ಜು, ಪನೀರ್.
* ಶುಕ್ರವಾರ: ಬೆಳಿಗ್ಗೆ ಎರಡು ದೋಸೆ, ಗುರೆಳ್ಳು ಹಿಂಡಿ. ಮಧ್ಯಾಹ್ನ ಚೌಳಿಕಾಯಿ ಪಲ್ಯ, ಮೊಟ್ಟೆ ಸಾರು. ರಾತ್ರಿ ಸೋರೆಕಾಯಿ ಮತ್ತು ಕಡಲೆಬೇಳೆ.
* ಶನಿವಾರ: ಬೆಳಿಗ್ಗೆ ಮೊಸರು, ಸೌತೆಕಾಯಿ, ಶೇಂಗಾ ಪಚಡಿ. ಮಧ್ಯಾಹ್ನ ಹುರುಳಿಕಾಳಿನ ಕಟ್ಟು, ಮೆಂತ್ಯೆ ಪಲ್ಯ. ರಾತ್ರಿ ಹೂಕೋಸು, ಪನೀರ್.
* ಭಾನುವಾರ: ಬೆಳಿಗ್ಗೆ ಆಮ್ಲೆಟ್. ಮಧ್ಯಾಹ್ನ ಕೋಳಿ ಅಥವಾ ಕುರಿ ಮಾಂಸದ ಸಾರು, ಎಲೆಕೋಸಿನ ಪಲ್ಯ. ರಾತ್ರಿ ತರಕಾರಿ ಸೂಪು, ಮೊಟ್ಟೆ.

ವಾರಕ್ಕೊಮ್ಮೆ ಮೂರು ಬಗೆಯ ಹಿಂಡಿ ಕುಟ್ಟಿಟ್ಟುಕೊಂಡು, ಕಾಳುಗಳನ್ನು ಮುನ್ನಾದಿನವೇ ನೆನೆಹಾಕಿದರೆ ನಿತ್ಯದ ಅಡುಗೆ ಅರ್ಧ ತಾಸಿನಲ್ಲಿ ಮುಗಿಯುತ್ತದೆ.

ಕಣ್ಣಿಗೆ ಕಾಣದ ಧಾನ್ಯ

ಮಂಡಕ್ಕಿ, ಅವಲಕ್ಕಿ ಹಗುರವೆನಿಸಿದರೂ ಅವು ಅಕ್ಕಿಯೇ. ಅಂಗಡಿಯ ಕೂಟು ಇಂಗಿನಲ್ಲಿ ಗೋಧಿ ಅಥವಾ ಅಕ್ಕಿ ಹಿಟ್ಟು ಬೆರೆತಿರುತ್ತದೆ. ಮಿರ್ಚಿ, ಬಜ್ಜಿಗಳ ಹಿಟ್ಟಿಗೆ ಗರಿಗರಿಯಾಗಲೆಂದು ಅಕ್ಕಿ ಹಿಟ್ಟು ಸೇರಿಸುವುದುಂಟು. 'ಮಧುಮೇಹಿಗಳ ಬಿಸ್ಕತ್ತು' ಎಂದು ಮಾರುವ ತಿನಿಸುಗಳ ಪೊಟ್ಟಣದ ಹಿಂಬದಿಯನ್ನು ಓದಿಯೇ ಕೊಳ್ಳಬೇಕು. ಸಿರಿಧಾನ್ಯಗಳೂ ಧಾನ್ಯವೇ ಎಂಬುದನ್ನು ಮರೆಯಬಾರದು.

ಯಾರು ಎಚ್ಚರ ವಹಿಸಬೇಕು?

ಲೇಖನದ ಅತಿ ಮುಖ್ಯ ಭಾಗ ಇದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಾಮೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ಹಠಾತ್ತನೆ ಅನ್ನ, ರೊಟ್ಟಿ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬೆವರು, ನಡುಕ, ಗೊಂದಲ, ಪ್ರಜ್ಞೆ ತಪ್ಪುವುದು ಇದರ ಲಕ್ಷಣ. ಎಚ್ಚರವಿರುವಾಗಲೇ ಸಕ್ಕರೆ ಅಥವಾ ಗ್ಲೂಕೋಸ್ ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ಸೇವಿಸುವವರಲ್ಲಿ ಶರ್ಕರಪಿಷ್ಟ ತೀರಾ ಕಡಿಮೆಯಾದರೆ ಕೀಟೋಆಸಿಡೋಸಿಸ್ ಎಂಬ ಗಂಭೀರ ಸ್ಥಿತಿ ಉಂಟಾಗಬಹುದು. ಆಗ ಸಕ್ಕರೆ ಪ್ರಮಾಣ ಅಷ್ಟೇನೂ ಏರಿರದಿರಬಹುದು. ಆದ್ದರಿಂದ ಔಷಧದ ಪ್ರಮಾಣವನ್ನು ವೈದ್ಯರು ಮೊದಲು ಬದಲಿಸಬೇಕು, ಆನಂತರ ತಾಟು ಬದಲಾಗಬೇಕು. ಸ್ವಂತ ನಿರ್ಧಾರದಿಂದ ಮಾತ್ರೆ ನಿಲ್ಲಿಸುವುದು ಅಷ್ಟೇ ಅಪಾಯಕಾರಿ.

ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಮತ್ತು ಬೆಳೆಯುವ ಮಕ್ಕಳು ವೈದ್ಯರ ಸಲಹೆಯಿಲ್ಲದೆ ಇದಕ್ಕೆ ಕೈಹಾಕಬಾರದು. ಮೊದಲ ವಾರ ದೇಹದಿಂದ ನೀರು, ಉಪ್ಪು ಹೆಚ್ಚಾಗಿ ಹೊರಹೋಗುವುದರಿಂದ ತಲೆನೋವು, ಸುಸ್ತು ಸಹಜ. 40 ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ಇದು ಇನ್ನೂ ಹೆಚ್ಚು. ರಕ್ತದೊತ್ತಡವಿಲ್ಲದವರು ಉಪ್ಪು ಹಾಕಿದ ಮಜ್ಜಿಗೆ ಕುಡಿಯಬಹುದು.

ದುಡಿಯುವವರ ಊಟ ಬೇರೆ

ಹೊಲದಲ್ಲಿ ದಿನವಿಡೀ ದುಡಿಯುವವರಿಗೆ, ಗುಳೆ ಹೋಗಿ ಕಟ್ಟಡ ಕೆಲಸ ಮಾಡುವ ದೇವದುರ್ಗದ ಕೂಲಿಕಾರರಿಗೆ ಈ ಲೇಖನದ ತಾಟು ಸಾಲದು. ಮೇಲೆ ಹೇಳಿದ ದಿನದ ಲೆಕ್ಕದಲ್ಲಿ ಒಗ್ಗರಣೆಯ ಎಣ್ಣೆ ಸೇರಿಸಿದರೂ ಸುಮಾರು 1,400 ಕ್ಯಾಲೊರಿ ಮಾತ್ರ ಸಿಗುತ್ತದೆ. ಅವರಿಗೆ ಬೇಕಾದುದು ರೊಟ್ಟಿ ಬಿಡುವುದಲ್ಲ, ರೊಟ್ಟಿಯ ಜತೆಗೆ ಬೇಳೆ, ಮೊಟ್ಟೆ, ಸೊಪ್ಪು ಸೇರುವುದು. 2021ರ ಡಿಸೆಂಬರಿನಲ್ಲಿ ರಾಯಚೂರು ಸೇರಿದಂತೆ ಏಳು ಜಿಲ್ಲೆಗಳ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ನೀಡಲು ಆರಂಭಿಸಿದ್ದು ಇದೇ ಕೊರತೆಯನ್ನು ಮನಗಂಡು. ಒಂದೇ ಜಿಲ್ಲೆಯಲ್ಲಿ ಒಬ್ಬರಿಗೆ ಅನ್ನ ಹೆಚ್ಚಾಗಿದೆ, ಇನ್ನೊಬ್ಬರಿಗೆ ಅನ್ನದ ಹೊರತು ಬೇರೇನೂ ಸಿಗುತ್ತಿಲ್ಲ. ಎರಡಕ್ಕೂ ಮದ್ದು ಪ್ರೋಟೀನ್ ಮತ್ತು ಸೊಪ್ಪು ಎಂಬುದು ಗಮನಾರ್ಹ.

ಪೂರ್ತಿ ಬಿಡಲೇಬೇಕೇ?

ಬೇಕಾಗಿಲ್ಲ. 23 ಪ್ರಯೋಗಗಳನ್ನು ಒಟ್ಟುಗೂಡಿಸಿ 2021ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆ ಈ ಬಗ್ಗೆ ಬೆಳಕು ಚೆಲ್ಲುತ್ತದೆ. ಆರು ತಿಂಗಳಲ್ಲಿ ಕಡಿಮೆ ಶರ್ಕರಪಿಷ್ಟ ಗುಂಪಿನ ಶೇ 57ರಷ್ಟು ಜನರ ಎಚ್‌ಬಿಎ1ಸಿ ಮಟ್ಟ ಶೇ 6.5ಕ್ಕಿಂತ ಕೆಳಗಿಳಿಯಿತು, ಇತರ ಗುಂಪಿನಲ್ಲಿ ಇದು ಶೇ 31. ಆದರೆ ವರ್ಷ ತುಂಬುವ ವೇಳೆಗೆ ಈ ಲಾಭ ಕುಗ್ಗಿತ್ತು. ಹೆಚ್ಚು ಕಾಲ ಪಾಲಿಸಲಾಗದ ಪಥ್ಯದಿಂದ ಹೆಚ್ಚು ಕಾಲದ ಲಾಭ ದೊರೆಯದು.

ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಆರೋಗ್ಯವಂತರಿಗೂ ಧಾನ್ಯದಿಂದ ಬರುವ ಶಕ್ತಿ ಶೇ 45 ಮೀರಬಾರದೆನ್ನುತ್ತದೆ. ಆದ್ದರಿಂದ ಮೊದಲ ವಾರ ರಾತ್ರಿಯ ಅನ್ನ ಬಿಡುವುದು, ಎರಡನೇ ವಾರ ಬೆಳಗಿನ ಮಂಡಕ್ಕಿ, ಇಡ್ಲಿಯ ಬದಲು ಮೊಟ್ಟೆ ಅಥವಾ ಹೆಸರುಕಾಳಿನ ದೋಸೆ, ಮಧ್ಯಾಹ್ನಕ್ಕೆ ಒಂದೇ ರೊಟ್ಟಿ ಹೀಗೆ ಹಂತಹಂತವಾಗಿ ಇಳಿಯುವುದು ಬಹುತೇಕರಿಗೆ ಸಾಧ್ಯವಾಗುವ ದಾರಿ. ಮೂರು ತಿಂಗಳ ಬಳಿಕ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ವೈದ್ಯರಿಗೆ ತೋರಿಸಿ, ಮುಂದೆ ಆ ಒಂದು ರೊಟ್ಟಿಯನ್ನೂ ಬಿಡಬೇಕೇ ಬೇಡವೇ ಎಂಬುದನ್ನು ಅವರೊಂದಿಗೆ ಕುಳಿತು ತೀರ್ಮಾನಿಸುವುದು ಒಳಿತು.